ಪದಚರ್ಚೆ: ‘ಸ್ಟ್ರೆಂತ್ ಅಂಡ್ ಕಂಡೀಷನಿಂಗ್’ಗೆ ಕನ್ನಡದಲ್ಲಿ ಏನೆನ್ನೋಣ?

ಆತ್ಮೀಯರೇ,

ದೈಹಿಕ ಶಿಕ್ಷಣದ ಪದವಿಯಾದ ಬಿ.ಪಿ.ಎಡ್ ಮುಗಿಸಿ, ಕ್ರೀಡಾಪಟುಗಳ ಮೈ ಅಣಿಗೊಳಿಸುವ ತರಬೇತಿಯಲ್ಲೇ ಸ್ನಾತಕೋತ್ತರ ಪದವಿ ಓದಬಯಸುವ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗಾಗಿ ಪ್ರವೇಶ ಪಾಠವೊಂದನ್ನು ಬರೆಯುತ್ತಿದ್ದೇನೆ. ವಿಷಯದ ಹೆಸರಿನಲ್ಲೇ ತೊಡಕಾಗಿದೆ.

‘ಸ್ಟ್ರೆಂತ್’ ಎಂದೊಡನೆ ‘ಶಕ್ತಿ’ ಎಂದು ಬರೆದುಬಿಡುತ್ತೇವೆ. ಆದರೆ ಪ್ರೌಢಶಾಲೆಯ ಭೌತವಿಜ್ಞಾನದಲ್ಲಿ ಶಕ್ತಿ ಎಂದರೆ ಎನರ್ಜಿ, ಬಲ ಎಂದರೆ ಫೋರ್ಸ್, ಸಾಮರ್ಥ್ಯ ಎಂದರೆ ಪವರ್. ಇವನ್ನು ಬೇರೆಬೇರೆಯಾಗಿ ಅಳೆಯುವುದೇ ಈ ವಿದ್ಯಾರ್ಥಿಗಳ ಮುಂದಿನ ಕೆಲಸ. ಹೆಗಲ ಮೇಲೆ ಭಾರ ಹೊತ್ತು ನಿಧಾನವಾಗಿ ಕುಳಿತು ಏಳುವಾಗ ಬೇಕಾದದ್ದು ಬಲ. ವೇಟ್‌ಲಿಫ್ಟಿಂಗ್ ಸ್ಪರ್ಧೆಯ ‘ಸ್ನ್ಯಾಚ್’ ಎಂಬ ಎತ್ತುವಿಕೆಯಲ್ಲಿ ಅದೇ ಭಾರವನ್ನು ನೆಲದಿಂದ ಒಂದೇ ಸೆಳೆತಕ್ಕೆ ತಲೆಯ ಮೇಲೆ ಒಯ್ಯಲು ಬಲದೊಡನೆ ವೇಗವೂ ಕೂಡಬೇಕು, ಅದು ಸಾಮರ್ಥ್ಯ. ಇಂಗ್ಲಿಷಿನವರೂ ಇಲ್ಲಿ ಎಡವಿದ್ದಾರೆ: ಸ್ಕ್ವಾಟ್ (ಭಾರ ಹೊತ್ತು ಕುಳಿತು ಏಳುವುದು), ಬೆಂಚ್ ಪ್ರೆಸ್ (ಮಲಗಿ ಭಾರವನ್ನು ಎದೆಯಿಂದ ಮೇಲಕ್ಕೆ ತಳ್ಳುವುದು), ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರವನ್ನು ಎತ್ತಿ ನೆಟ್ಟಗೆ ನಿಲ್ಲುವುದು) ಈ ಮೂರರ ಸ್ಪರ್ಧೆಗೆ ‘ಪವರ್‌ಲಿಫ್ಟಿಂಗ್’ ಎಂಬ ಹೆಸರಿದ್ದರೂ ಅಲ್ಲಿ ಮುಖ್ಯವಾಗಿ ಪರೀಕ್ಷೆಯಾಗುವುದು ಬಲವೇ. ಆದ್ದರಿಂದ ‘ಸ್ಟ್ರೆಂತ್’ಗೆ ‘ಬಲ’ ಎಂದೇ ಬಳಸುತ್ತೇನೆ.

ಕಷ್ಟವಿರುವುದು ‘ಕಂಡೀಷನಿಂಗ್’ನಲ್ಲಿ. 1978ರಲ್ಲಿ ಅಮೆರಿಕದ ತರಬೇತುದಾರರು ಸಂಘ ಕಟ್ಟಿಕೊಂಡಾಗ ಅದರ ಹೆಸರಿನಲ್ಲಿ ‘ಸ್ಟ್ರೆಂತ್’ ಮಾತ್ರ ಇತ್ತು. ‘ಕಂಡೀಷನಿಂಗ್’ ಆಮೇಲೆ ಸೇರಿತು. ಓಟ, ದಮ್ಮು, ಚುರುಕು, ದಣಿವು ತಾಳುವ ಗುಣ ಎಲ್ಲವೂ ಆ ಒಂದು ಮಾತಿನಲ್ಲಿವೆ. ಕೋರ್ಸೊಂದರ ಕರಪತ್ರದಲ್ಲಿ ಇದನ್ನು ‘ಸ್ಥಿತಿ’ ಎಂದು ಅನುವಾದಿಸಿದ್ದನ್ನು ಕಂಡು ನೋವಾಯಿತು.

ನನಗೆ ಹೊಳೆದದ್ದು ‘ಹದ’. ಮಳೆ ನಿಂತ ಮೇಲೆ ನಮ್ಮ ತಂದೆ ಹೊಲದ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಉಂಡೆ ಮಾಡಿ ಕೆಳಕ್ಕೆ ಬಿಡುತ್ತಿದ್ದರು. ಉಂಡೆ ಪುಡಿಯಾದರೆ ‘ಹದ ಬಂದಿದೆ’ ಎಂದು ನೇಗಿಲು ಹೂಡುತ್ತಿದ್ದರು. ಹದ ಎಂಬುದು ಮುಂದಿರುವ ಕೆಲಸಕ್ಕೆ ತಕ್ಕಂತೆ ಬರುವಂಥದ್ದು. ಮ್ಯಾರಥಾನ್ ಓಟಗಾರ್ತಿಯ ಹದ ಕಬಡ್ಡಿ ಆಟಗಾರನಿಗೆ ಆಗದು. ‘ಬಲ ಮತ್ತು ಮೈಹದ ತರಬೇತಿ’ ಎಂದರೆ ಹೇಗೆ? ‘ಹುರಿಗೊಳಿಸು’ ಎಂಬುದನ್ನೂ ಯೋಚಿಸಿದೆ. ಅದರಲ್ಲಿ ಸ್ನಾಯುವಿನ ಬಿಗಿ ಇದೆ, ಉಸಿರಿನ ಮಾತಿಲ್ಲ. ‘ಪಳಗಿಸು’ ಎಂದರೆ ಆನೆಯೇ ಕಣ್ಣಮುಂದೆ ಬರುತ್ತದೆ.

ಗರಡಿಮನೆಯ ನಂಟಿರುವವರಲ್ಲಿ ಒಂದು ವಿನಂತಿ. ‘ಸಾಮು’, ‘ತಾಲೀಮು’, ‘ಕಸರತ್ತು’ ಇವು ನನಗೆ ಗೊತ್ತು. ಕುಸ್ತಿಗೆ ಮುಂಚಿನ ವಾರಗಳಲ್ಲಿ ಪೈಲ್ವಾನರ ದಮ್ಮು ಬೆಳೆಸುವ ತಯಾರಿಗೆ ಉಸ್ತಾದರು ಬೇರೆ ಹೆಸರು ಹೇಳುತ್ತಿದ್ದರೇ? ನಿಮ್ಮ ಮನೆಯ ಹಿರಿಯರು ಆಡುತ್ತಿದ್ದ ವಾಕ್ಯ ನೆನಪಿದ್ದರೆ ಊರಿನ ಹೆಸರಿನೊಂದಿಗೆ ಹಾಗೆಯೇ ಬರೆದು ಕಳುಹಿಸಿ.