ಇನ್‌ವರ್ನೆಸ್ ಸುತ್ತಲಿನ ಕೋಟೆಗಳು: ಸಲಹೆ ಬೇಕು

ಪ್ರಶ್ನೆ: ಅಕ್ಟೋಬರ್‌ನಲ್ಲಿ ತಂದೆ-ತಾಯಿಯರೊಂದಿಗೆ ಸ್ಕಾಟ್ಲೆಂಡಿನ ಇನ್‌ವರ್ನೆಸ್‌ನಲ್ಲಿ ತಂಗಲಿದ್ದೇವೆ. ತಾಯಿಯವರಿಗೆ ಮಂಡಿನೋವು, ತಂದೆಯವರಿಗೆ ಡನ್ನಾಟರ್ ಕೋಟೆಯನ್ನು ನೋಡುವ ಆಸೆ. ಯಾವ ತಾಣಗಳು ಸೂಕ್ತವೆಂದು ದಯವಿಟ್ಟು ತಿಳಿಸಿ.

ಉತ್ತರ 1: ಕಲ್ಲೋಡನ್ ರಣಭೂಮಿಯಿಂದ ಆರಂಭಿಸಿ. 1746ರ ಏಪ್ರಿಲ್ 16ರಂದು ಜಾಕೊಬೈಟ್ ಸೇನೆ (ಪದಚ್ಯುತ ಸ್ಟುವರ್ಟ್ ರಾಜವಂಶದ ಬೆಂಬಲಿಗರ ಪಡೆ) ಒಂದು ಗಂಟೆಯೊಳಗೆ ಸೋತುಹೋದ ಆ ಬಯಲು ಬಹುಮಟ್ಟಿಗೆ ಸಮತಟ್ಟಾಗಿರುವುದರಿಂದ, ಕುಲಗಳ ಹೆಸರು ಕೆತ್ತಿದ ಒರಟು ಕಲ್ಲುಗಳನ್ನು ನೋಡುತ್ತ ನಿಧಾನವಾಗಿ ನಡೆಯಬಹುದು. ಸಮೀಪದಲ್ಲೇ ಇರುವ ಕ್ಲಾವಾ ಕಲ್ಲುಗೋರಿಗಳು ಸುಮಾರು 4,000 ವರ್ಷ ಹಳೆಯವು; ಅವುಗಳಲ್ಲಿ ಎರಡರ ಒಳದಾರಿ ವರ್ಷದ ಅತಿ ಚಿಕ್ಕ ಹಗಲಿನ ಸೂರ್ಯಾಸ್ತದ ದಿಕ್ಕಿಗೆ ಮುಖಮಾಡಿದೆ. ಪ್ರವೇಶ ಉಚಿತ. ನನ್ನ ಮಟ್ಟಿಗೆ ಯಾವ ಕೋಟೆಗಿಂತಲೂ ಇದೇ ಮಿಗಿಲು.

ಉತ್ತರ 2: ಲಾಕ್ ನೆಸ್ ಸರೋವರದ ದಂಡೆಯ ಅರ್ಕರ್ಟ್ ಕೋಟೆಯನ್ನೂ ಸೇರಿಸಿಕೊಳ್ಳಿ. ಜಾಕೊಬೈಟರ ಕೈಸೇರಬಾರದೆಂದು 1692ರಲ್ಲಿ ಅಲ್ಲಿದ್ದ ಸರ್ಕಾರಿ ಸೈನಿಕರೇ ಅದನ್ನು ಸಿಡಿಮದ್ದಿಟ್ಟು ಉಡಾಯಿಸಿದರು; ಹೆಬ್ಬಾಗಿಲಿನ ಗೋಡೆಯ ಬೃಹತ್ ತುಂಡುಗಳು ಇಂದಿಗೂ ಬಿದ್ದಲ್ಲೇ ಇವೆ.

ಉತ್ತರ 3: ಡನ್ನಾಟರ್ ಇರುವುದು ಸ್ಟೋನ್‌ಹೇವನ್ ಬಳಿಯ ಕಡಲಬಂಡೆಯ ಮೇಲೆ, ಕಡಿದಾದ ಮೆಟ್ಟಿಲುಗಳನ್ನು ಇಳಿದು ಮತ್ತೆ ಏರಬೇಕು. ಇಂಗ್ಲೆಂಡಿನ ದಂಡನಾಯಕ ಕ್ರಾಮ್‌ವೆಲ್ಲನ ಸೇನೆ ಮುತ್ತಿದಾಗ ಸ್ಕಾಟ್ಲೆಂಡಿನ ರಾಜಕಿರೀಟವನ್ನು ಇಲ್ಲಿಂದ ಗುಟ್ಟಾಗಿ ಸಾಗಿಸಿ, ಕಿನೆಫ್ ಚರ್ಚಿನ ನೆಲದಡಿ ಹೂತಿಟ್ಟಿದ್ದರು. ತಂದೆಯವರು ಒಳಗೆ ಹೋಗಿಬರುವಷ್ಟರಲ್ಲಿ ತಾಯಿಯವರು ಎದುರಿನ ದಿಬ್ಬದಿಂದಲೇ ಇಡೀ ಕೋಟೆಯನ್ನು ನೋಡಬಹುದು. ಬಿರುಗಾಳಿಯಿದ್ದರೆ ಬಾಗಿಲು ಮುಚ್ಚಿರುತ್ತದೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ.