ವ್ಯಾಲೊರಂಟ್: ರೇಂಜ್‌ನಲ್ಲಿ ಬಾಟ್ ಬೀಳ್ತವೆ, ಮ್ಯಾಚ್‌ನಲ್ಲಿ ಏಮ್ ಕೈಕೊಡ್ತಿದೆ

ತುಂಗಾತೀರ (ಪ್ರಶ್ನೆ)
ವ್ಯಾಲೊರಂಟ್ ಶೂಟಿಂಗ್ ಗೇಮ್‌ನ ರೇಂಜ್‌ನಲ್ಲಿ (ಅಭ್ಯಾಸದ ಜಾಗ) ಮೀಡಿಯಂ ಮಟ್ಟ ಇಟ್ಟರೆ 30 ಬಾಟ್‌ಗಳಲ್ಲಿ (ಕಂಪ್ಯೂಟರ್ ನಡೆಸೋ ಗುರಿಗೊಂಬೆ) 22–24 ಹೊಡೀತೀನಿ. ಮ್ಯಾಚ್‌ನಲ್ಲಿ ಹೆಡ್‌ಶಾಟ್ (ತಲೆಗೆ ಬೀಳೋ ಗುಂಡು) ಶೇ. 11 ದಾಟ್ತಿಲ್ಲ. ಎದುರಾಳಿ ಕಂಡ ತಕ್ಷಣ ಮೌಸ್ ಎಳೆದ್ರೆ ಕ್ರಾಸ್‌ಹೇರ್ (ಪರದೆ ಮಧ್ಯದ ಗುರಿ ಗುರುತು) ಅವನನ್ನ ದಾಟಿ ಆಚೆ ಹೋಗುತ್ತೆ. ವಾಪಸ್ ತರೋಷ್ಟರಲ್ಲಿ ಆಟ ಮುಗಿದಿರುತ್ತೆ. ಮೌಸ್ 1600 ಡಿಪಿಐ (ಒಂದು ಇಂಚು ಸರಿದರೆ ಮೌಸ್ ಕಳಿಸೋ ಎಣಿಕೆ), ಆಟದೊಳಗಿನ ಸೆನ್ಸಿಟಿವಿಟಿ (ಮೌಸ್ ಸರಿದಷ್ಟಕ್ಕೆ ನೋಟ ಎಷ್ಟು ತಿರುಗುತ್ತೆ ಅನ್ನೋದು) 0.8, ಪ್ಯಾಡ್ 25×20 ಸೆಂ.ಮೀ., ಮಾನಿಟರ್ 144 ಹರ್ಟ್ಸ್, ಗನ್ ವ್ಯಾಂಡಲ್. ಸೆನ್ಸಿಟಿವಿಟಿ ಇಳಿಸ್ಬೇಕಾ? ಏಮ್ ಟ್ರೇನರ್ (ಗುರಿ ಅಭ್ಯಾಸದ ಸಾಫ್ಟ್‌ವೇರ್) ಶುರು ಮಾಡ್ಬೇಕಾ?

ಗುರಿಕಾರ
ಮೊದಲು ಸೆನ್ಸಿಟಿವಿಟಿ ಇಳಿಸಿ. ನಿಮ್ಮ ಸೆಟ್ಟಿಂಗ್‌ನಲ್ಲಿ ಮೌಸ್ ಬರೀ 10 ಸೆಂ.ಮೀ. ಸರಿದರೆ ಆಟದಲ್ಲಿ ಒಂದು ಪೂರ್ತಿ ಸುತ್ತು ತಿರುಗ್ತೀರಿ. ಅಂದ್ರೆ ಮಣಿಕಟ್ಟು 1 ಮಿ.ಮೀ. ಅಲುಗಿದ್ರೂ ಕ್ರಾಸ್‌ಹೇರ್ ಮೂರೂವರೆ ಡಿಗ್ರಿ ಜರುಗುತ್ತೆ. ದೂರದಲ್ಲಿರೋನ ತಲೆ ಅಷ್ಟು ಅಗಲ ಇರೋದೇ ಇಲ್ಲ, ದಾಟಿ ಹೋಗದೆ ಇನ್ನೇನಾಗುತ್ತೆ?

800 ಡಿಪಿಐಗೆ ಬನ್ನಿ. ಮೊದಲ ವಾರ 0.6 ಇಡಿ, ಒಂದು ಸುತ್ತಿಗೆ 27 ಸೆಂ.ಮೀ. ಆಗುತ್ತೆ. ಆಮೇಲೆ 0.4 ಮಾಡಿ, 41 ಸೆಂ.ಮೀ. ಆಗುತ್ತೆ. ಹಿಂದೆ ತಿರುಗೋಕೆ ಅದರ ಅರ್ಧ, ಸುಮಾರು 20 ಸೆಂ.ಮೀ. ಜಾಗ ಬೇಕು. ಈಗಿನ ಪ್ಯಾಡ್‌ನಲ್ಲಿ ಮೌಸ್ ಅಂಚಿಗೆ ಬಂದು ನಿಲ್ಲುತ್ತೆ, ಹಾಗಾಗಿ 45×40ರ ಬಟ್ಟೆ ಪ್ಯಾಡ್ ತಗೊಳ್ಳಿ. ಮಣಿಕಟ್ಟು ಊರಿಕೊಂಡೇ ಆಡಿದ್ರೆ 0.4 ಭಾರ ಅನ್ನಿಸುತ್ತೆ. ದೊಡ್ಡ ತಿರುವಿಗೆ ಮೊಣಕೈಯಿಂದ ತಳ್ಳಿ, ಕೊನೇ ಚೂರಿಗೆ ಮಾತ್ರ ಮಣಿಕಟ್ಟು. ಆಮೇಲೆ ಎರಡು ವಾರ ಸೆಟ್ಟಿಂಗ್ ಮುಟ್ಟಬೇಡಿ. ಎರಡು ಮ್ಯಾಚ್ ಸೋತ ತಕ್ಷಣ ನಂಬರ್ ಬದಲಾಯಿಸೋರಿಗೆ ಯಾವ ನಂಬರೂ ಕೈಗೆ ಕೂರಲ್ಲ.

ಕಾರ್ನರ್ ಕಾಯೋನು
ಮೇಲಿನದು ಸರಿ ಇದೆ, ಆದ್ರೆ ಅದು ಅರ್ಧ ಮಾತ್ರ. ಗುರು, ನಿನ್ನ ಪ್ರಶ್ನೆಯಲ್ಲೇ ಉತ್ತರ ಇದೆ: 'ಕಂಡ ತಕ್ಷಣ ಎಳೆದ್ರೆ'. ಎಳೆಯೋ ಕೆಲಸವೇ ಬೀಳಬಾರದು. ತಲೆ ಎಲ್ಲಿ ಬರುತ್ತೋ ಅಲ್ಲಿ ಕ್ರಾಸ್‌ಹೇರ್ ಮೊದಲೇ ಕಾಯ್ತಿರಬೇಕು.

ಅಸೆಂಟ್ ಮ್ಯಾಪ್‌ನಲ್ಲಿ ಎ ಮೇನ್ ದಾರಿಯಿಂದ ಸೈಟ್‌ಗೆ (ಬಾಂಬ್ ಇಡೋ ಜಾಗ) ಬರೋದನ್ನ ತಗೋ. ತುಂಬಾ ಜನ ನೆಲ ನೋಡ್ಕೊಂಡು ಓಡ್ತಾರೆ. ಹೆವನ್ (ಎತ್ತರದ ಜಾಗ) ಕಡೆ ನೋಡುವಾಗ ಕ್ರಾಸ್‌ಹೇರ್ ಮೇಲೇರಬೇಕು, ಜನರೇಟರ್ ಕಡೆ ತಿರುಗಿದಾಗ ಮತ್ತೆ ತಲೆ ಮಟ್ಟಕ್ಕೆ ಇಳೀಬೇಕು. ಕಸ್ಟಮ್ ಗೇಮ್ ಹಾಕಿ ಒಬ್ಬನೇ ನಡೆದು ಒಂದೊಂದು ಮೂಲೆಯ ಎತ್ತರ ಕಲಿ. ಹತ್ತು ನಿಮಿಷಕ್ಕೆ ಒಂದು ಸೈಟ್ ಮುಗಿಯುತ್ತೆ.

ಕ್ರಾಸ್‌ಹೇರ್ ಗೋಡೆ ಅಂಚಿಗೆ ಅಂಟಿಸಿ ಹಿಡೀಬೇಡ. ರೈಫಲ್ ಹಿಡಿದು ಓಡೋನು ಸೆಕೆಂಡಿಗೆ 5.4 ಮೀಟರ್ ಬರ್ತಾನೆ. ನೀನು ನೋಡಿ ಬೆರಳು ಒತ್ತೋಕೆ 0.2 ಸೆಕೆಂಡ್ ಅಂತಿಟ್ಕೊ, ಅಷ್ಟರಲ್ಲಿ ಅವನು ಒಂದು ಮೀಟರ್ ಆಚೆ. ಓಡಿ ಬರೋನಿಗೆ ಅಂಚಿನಿಂದ ಅಷ್ಟು ಜಾಗ ಬಿಡು, ನಿಧಾನಕ್ಕೆ ಇಣುಕೋನಿಗೆ ಕಡಿಮೆ ಬಿಡು.

ತುಂಗಾತೀರ
ಕ್ರಾಸ್‌ಹೇರ್ ತಲೆ ಮೇಲೇ ಇದ್ರೂ ಮೊದಲ ಗುಂಡು ಪಕ್ಕಕ್ಕೆ ಹೋಗುತ್ತಲ್ಲ, ಅದು ಯಾಕೆ?

ಕಾರ್ನರ್ ಕಾಯೋನು
ಕಾಲು ನಿಂತಿರಲ್ಲ, ಅದಕ್ಕೆ. ರೇಂಜ್‌ನಲ್ಲಿ ನಿಂತೇ ಹೊಡೀತೀಯ, ಅದಕ್ಕೇ ಅಲ್ಲಿ ಈ ತೊಂದರೆ ಕಾಣಲ್ಲ. ಕ್ರಾಸ್‌ಹೇರ್ ಸೆಟ್ಟಿಂಗ್‌ನಲ್ಲಿ ಮೂವ್‌ಮೆಂಟ್ ಎರರ್ ಆನ್ ಮಾಡು. ಓಡುವಾಗ ಗೆರೆಗಳು ಹರಡ್ತವೆ, ನಿಂತ ಮೇಲೆ ಕೂಡ್ತವೆ. ಎ ಕೀ ಒತ್ತಿ ಪಕ್ಕಕ್ಕೆ ಸರಿ, ಬಿಡು, ಡಿ ಕೀ ಒಮ್ಮೆ ತಟ್ಟು, ಗೆರೆ ಕೂಡಿದಾಗ ಒಂದೇ ಗುಂಡು. ಆಮೇಲೆ ಆ ಕಡೆಯಿಂದ ಈ ಕಡೆಗೆ. ಬಾಟ್‌ಗಳಿಗೂ ಸ್ಟ್ರೇಫ್ (ಪಕ್ಕಕ್ಕೆ ಸರಿಯೋದು) ಆನ್ ಮಾಡಿ ಹೀಗೇ 50 ಹೊಡಿ. ಲಯ ಕೈಗೆ ಹತ್ತಿದ ಮೇಲೆ ಮೂವ್‌ಮೆಂಟ್ ಎರರ್ ಆಫ್ ಮಾಡಬಹುದು.

ಇನ್ನೊಂದು: ವ್ಯಾಂಡಲ್‌ನ ಒಂದು ಗುಂಡು ತಲೆಗೆ ಬಿದ್ರೆ ಎಷ್ಟು ದೂರದಿಂದಾದ್ರೂ 160 ಪಾಯಿಂಟ್ ಪೆಟ್ಟು. ಪೂರ್ತಿ ಆರ್ಮರ್ (ರಕ್ಷಾಕವಚ) ಇದ್ರೂ ಎದುರಾಳಿಯ ಹತ್ರ ಇರೋದು 150 ಪಾಯಿಂಟ್ ಜೀವ. ಮೈಗೆ ಹೊಡೆದ್ರೆ 40ರಂತೆ ನಾಲ್ಕು ಬೇಕು. ಹಾಗಾಗಿ ದೂರದಲ್ಲಿ ಎರಡು ಮೂರು ಗುಂಡಿಗೆ ಬೆರಳು ಬಿಡು. ಸಿಎಸ್ (ಕೌಂಟರ್-ಸ್ಟ್ರೈಕ್ ಗೇಮ್)ನ ಎಕೆ ಗನ್ ಥರ ಇದರ ಸ್ಪ್ರೇ (ಬೆರಳು ಬಿಡದೆ ಹೊಡೆದಾಗ ಗುಂಡು ಹೋಗೋ ದಾರಿ) ಬಾಯಿಪಾಠ ಮಾಡೋಕಾಗಲ್ಲ. ಮೊದಲ ಕೆಲವು ಗುಂಡು ಮೇಲಕ್ಕೆ ಹೋಗ್ತವೆ, ಆಮೇಲೆ ಎಡವೋ ಬಲವೋ ಹೇಳೋಕಾಗಲ್ಲ.

ಮಲೆನಾಡ್ ಪಿಂಗ್
ಟ್ರೇನರ್ ಬೇಡ ಅನ್ನಲ್ಲ, ದಿನಕ್ಕೆ 15 ನಿಮಿಷ ಸಾಕು. ಏಮ್ ಲ್ಯಾಬ್ ಅನ್ನೋ ಟ್ರೇನರ್‌ನ ಗ್ರಿಡ್‌ಶಾಟ್ ಟಾಸ್ಕ್‌ನ ಸ್ಕೋರ್ ಹಿಂದೆ ಬೀಳೋದು ಟೈಮ್ ವೇಸ್ಟ್. ಅಲ್ಲಿ ದೊಡ್ಡ ಗೋಲಗಳಿಗೆ ಸರಸರ ಕ್ಲಿಕ್ ಮಾಡೋದು, ಇಲ್ಲಿ ಬೇಕಿರೋದು ಚಿಕ್ಕ ತಲೆ ಮೇಲೆ ನಿಲ್ಲಿಸೋದು. ಚಿಕ್ಕ ಗುರಿ ಇರೋ ಟಾಸ್ಕ್ ಆರಿಸಿ, ಹತ್ತಕ್ಕೆ ಒಂಬತ್ತು ಬೀಳೋಷ್ಟು ನಿಧಾನ ಹೊಡೀರಿ. ಗುರಿ ತಪ್ಪೋದು ನಿಂತ ಮೇಲೆ ವೇಗ ಏರಿಸಿ. ಆಮೇಲೆ ಒಂದು ಡೆತ್‌ಮ್ಯಾಚ್ (ತಂಡವಿಲ್ಲದೆ ಎಲ್ಲರೂ ಎಲ್ಲರ ವಿರುದ್ಧ ಆಡೋದು), ಸ್ಕೋರ್ ನೋಡದೆ, ಕ್ರಾಸ್‌ಹೇರ್ ಎತ್ತರದ ಮೇಲಷ್ಟೇ ಗಮನ.

ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ನಿಜಕ್ಕೂ 144 ಇದೆಯಾ ನೋಡಿ. ಹೊಸ ಮಾನಿಟರ್ ಎಷ್ಟೋ ಸಲ 60ರಲ್ಲೇ ಕೂತಿರುತ್ತೆ. ಆಗ 6.9 ಮಿಲಿಸೆಕೆಂಡಿಗೆ ಬರಬೇಕಾದ ಚಿತ್ರ 16.7ಕ್ಕೆ ಬರುತ್ತೆ. ಡೆಸ್ಕ್‌ಟಾಪ್ ಆಗಿದ್ರೆ ಮಾನಿಟರ್ ಕೇಬಲ್ ಮದರ್‌ಬೋರ್ಡ್‌ಗೆ ಅಲ್ಲ, ಗ್ರಾಫಿಕ್ಸ್ ಕಾರ್ಡ್‌ಗೇ ಹೋಗಿದೆಯಾ ಅಂತಲೂ ಬಗ್ಗಿ ನೋಡಿ.