ಪೊರ್ಫಿರೊಯೆನ್ನಿಟೊಸ್: ಕನ್ನಡದಲ್ಲಿ ಏನನ್ನೋಣ?

ಬಲ್ಲವರಲ್ಲಿ ಒಂದು ಪ್ರಶ್ನೆ. ಬೈಜಾಂಟಿಯಮ್ಮಿನ (ಪೂರ್ವ ರೋಮನ್ ಸಾಮ್ರಾಜ್ಯದ) ಅರಸುಮನೆತನಗಳ ಬಗ್ಗೆ ಬರೆಯುತ್ತಾ ‘ಪೊರ್ಫಿರೊಯೆನ್ನಿಟೊಸ್’ ಎಂಬ ಗ್ರೀಕ್ ಬಿರುದಿನ ಮುಂದೆ ನಿಂತುಬಿಟ್ಟಿದ್ದೇನೆ. ಪದಶಃ ‘ಕೆನ್ನೀಲಿಯಲ್ಲಿ ಹುಟ್ಟಿದವನು’ ಎಂದರ್ಥ. (ಪೋರ್ಫಿರೋಜೆನಿಟಸ್ ಎಂದು ಓದಿರುತ್ತೀರಿ, ಅದು ಲ್ಯಾಟಿನ್ ವೇಷ.) ಹೆಣ್ಣಾದರೆ ಪೊರ್ಫಿರೊಯೆನ್ನಿಟಿ.

ಅಪ್ಪ ಪಟ್ಟದಲ್ಲಿದ್ದಾಗ ಹುಟ್ಟಿದ ಮಕ್ಕಳಿಗಷ್ಟೇ ಇದು ಸಲ್ಲುತ್ತದೆ. ಪಟ್ಟಕ್ಕೆ ಮುಂಚೆ ಹುಟ್ಟಿದ ಹಿರಿಮಗನಿಗೂ ಇಲ್ಲ. ಕಾನ್‌ಸ್ಟಾಂಟಿನೋಪಲ್ಲಿನ ಅರಮನೆಯಲ್ಲಿ ರಾಣಿಯ ಹೆರಿಗೆಗೆಂದೇ ‘ಪೊರ್ಫಿರ’ ಎಂಬ ಕೋಣೆಯಿತ್ತು. 1083ರಲ್ಲಿ ಹುಟ್ಟಿದ, ಇತಿಹಾಸ ಬರೆದ ರಾಜಕುಮಾರಿ ಅನ್ನಾ ಕೊಮ್ನಿನಿ ಅದನ್ನು ವರ್ಣಿಸಿದ್ದಾಳೆ: ಚೌಕದ ನೆಲ, ಪಿರಮಿಡ್ಡಿನಂಥ ಚಾವಣಿ, ಮರಳು ಎರಚಿದಂತೆ ಬಿಳಿ ಚುಕ್ಕೆಗಳಿರುವ ಕೆನ್ನೀಲಿ ಕಲ್ಲು. ಅವಳಪ್ಪ ಅಲೆಕ್ಸಿಯೊಸ್ ಪಟ್ಟವೇರಿದ್ದು 1081ರಲ್ಲಿ. ಎರಡೇ ವರ್ಷದ ಅಂತರ, ಆದರೆ ಆ ಬಿರುದಿನ ಹೆಮ್ಮೆ ಅವಳ ಪುಸ್ತಕದ ಮೊದಲಲ್ಲೇ ಕಾಣುತ್ತದೆ.

ಹಾಗಾಗಿ ‘ಯುವರಾಜ’ ಎಂದರೆ ತಪ್ಪು. ಇದು ಮುಂದೆ ಸಿಗುವ ಪಟ್ಟದ ಮಾತಲ್ಲ, ಹುಟ್ಟಿದ ಗಳಿಗೆಯ ಮಾತು. ಚಕ್ರವರ್ತಿ ಏಳನೆಯ ಕಾನ್‌ಸ್ಟಾಂಟೀನನನ್ನೇ ನೋಡಿ. 905ರಲ್ಲಿ ಅವನು ಹುಟ್ಟಿದಾಗ ಅಪ್ಪ ಆರನೆಯ ಲಿಯೋಗೂ ಅಮ್ಮ ಝೋಯಿಗೂ ಮದುವೆಯೇ ಆಗಿರಲಿಲ್ಲ. ಅದಾದದ್ದು ಮರುವರ್ಷ, ಅದೂ ಲಿಯೋಗೆ ನಾಲ್ಕನೆಯದು, ಚರ್ಚು ಒಪ್ಪದ್ದು. ಹುಟ್ಟಿನ ಬಗ್ಗೆಯೇ ತಕರಾರಿದ್ದವನಿಗೆ ಈ ಬಿರುದು ಹೆಸರಿನಷ್ಟೇ ಗಟ್ಟಿಯಾಗಿ ಅಂಟಿಕೊಂಡಿತು! ಹೊರಗಿನವರಿಗೂ ಅದರ ಬೆಲೆ ಗೊತ್ತಿತ್ತು. 968ರಲ್ಲಿ ಜರ್ಮನಿಯ ದೊರೆ ಒಟ್ಟೊ ತನ್ನ ಮಗನಿಗೆ ಇಂಥ ಹೆಣ್ಣು ಕೇಳಿ ಕಳಿಸಿದಾಗ ಕೊಡಲಿಲ್ಲ. ನಾಲ್ಕು ವರ್ಷದ ಮೇಲೆ ಥಿಯೊಫಾನೊ ಸೊಸೆಯಾಗಿ ಹೋದಳು, ಆದರೆ ಅವಳು ಪೊರ್ಫಿರದಲ್ಲಿ ಹುಟ್ಟಿದವಳಲ್ಲ.

ಈಗ ಪದ. ಗ್ರೀಕಿನ ‘ಗೆನ್’ ಧಾತುವಿಗೂ ಸಂಸ್ಕೃತದ ‘ಜನ್’ ಧಾತುವಿಗೂ ನಂಟಿದೆ, ಹಾಗಾಗಿ ‘ಜಾತ’ ಚೆನ್ನಾಗಿ ಕೂರುತ್ತದೆ. ‘ಕೆನ್ನೀಲಿಜಾತ’ ಅನ್ನೋಣವೆಂದರೆ ಅರಿಸಮಾಸ. ಅದನ್ನು ತಪ್ಪಿಸಲು ‘ನೀಲಲೋಹಿತಜಾತೆ’ ಅಂದರೆ ನೀಲಲೋಹಿತ ಶಿವನ ಹೆಸರು, ಅನ್ನಾ ಷಣ್ಮುಖನ ತಂಗಿಯಾಗಿಬಿಡುತ್ತಾಳೆ. ‘ನೇರಳೆ’ ಬರೆದರೆ ಹಣ್ಣು ನೆನಪಾಗುತ್ತದೆ. ಆ ಕಲ್ಲು ಕೆಂಪಿನತ್ತ ವಾಲುವಂಥದ್ದು. ಬಣ್ಣವನ್ನೇ ಬಿಟ್ಟು, ಪಟ್ಟದ ಆನೆ, ಪಟ್ಟದ ಕತ್ತಿಯ ಹಾಗೆ ‘ಪಟ್ಟದ ಕೂಸು’ ಎಂದು ಬರೆದೆ. ಕರಡು ಓದಿದ ಗೆಳೆಯರು “ಅಂದರೆ ಮುಂದಿನ ರಾಜ ತಾನೆ?” ಅಂದರು. ಮತ್ತೆ ಯುವರಾಜನಲ್ಲಿಗೇ ಬಂದಂತಾಯಿತು.

ಸದ್ಯಕ್ಕೆ ‘ಪಟ್ಟದಲ್ಲಿ ಹುಟ್ಟಿದವಳು’ ಎಂದು ಬಿಡಿಸಿ ಬರೆದಿದ್ದೇನೆ, ಆದರೆ ಬಿರುದಿನ ಬಿಗಿ ಇಲ್ಲ. ಹೆರಿಗೆಕೋಣೆಯ ಕಡೆಯಿಂದ ಪದ ಕಟ್ಟಲು ಬರುತ್ತದೆಯೇ? ‘ಸೂತಿಕಾಗೃಹ’ ಗೊತ್ತು. ಅರಮನೆಯ ಆ ಕೋಣೆಗೆ ಹಳಗನ್ನಡ ಕಾವ್ಯದಲ್ಲೋ ಶಾಸನದಲ್ಲೋ ಬೇರೆ ಹೆಸರು ಯಾರಿಗಾದರೂ ಸಿಕ್ಕಿದೆಯೇ?